ಹೆಸರು ವಿಂಟರ್ ಮೆಲನ್, ಕಾಯಿ ನಮ್ಮದೇ

ಮನೆಯಿಂದ ದೂರದ ಮೊದಲ ದೀಪಾವಳಿ. ಕಾಶಿ ಹಲ್ವ ಮಾಡೋಣ ಅಂತ ಬೂದುಗುಂಬಳಕಾಯಿ ಹುಡುಕಿ ಹುಡುಕಿ ಸೋತೆವು. ಕೊನೆಗೆ ಚೈನೀಸ್ ಅಂಗಡಿಯಲ್ಲಿ 'ವಿಂಟರ್ ಮೆಲನ್' ಅನ್ನೋ ಚೀಟಿಯ ಹೋಳು ಕಂಡಿತು. ನಮ್ಮ ಕಾಯಿಯೇ!

ಇದು ಬೆಳೆಯೋದು ಬೇಸಿಗೆಯಲ್ಲಿ. ಸಿಪ್ಪೆಯ ಮೇಲಿನ ಬೂದಿಯಂಥ ಮೇಣದಿಂದಾಗಿ ಚಳಿಗಾಲದವರೆಗೂ ಕೆಡದೆ ಉಳಿಯುತ್ತದೆ. ಅದಕ್ಕೇ ಆ ಹೆಸರು ಅನ್ನುತ್ತಾರೆ.

ತಿರುಳಿನಲ್ಲಿ ನೂರಕ್ಕೆ ಸುಮಾರು 96 ಪಾಲು ನೀರು. ಸ್ವಂತ ರುಚಿ ಕಡಿಮೆ, ಜೊತೆಗೆ ಹಾಕಿದ್ದರ ರುಚಿಯನ್ನು ಹೀರಿಕೊಳ್ಳುತ್ತದೆ. ಕ್ಯಾಂಟನ್ ಅಡುಗೆಯಲ್ಲಿ ಇಡೀ ಕಾಯಿಯನ್ನು ಟೊಳ್ಳು ಮಾಡಿ, ಅದರೊಳಗೇ ಸೂಪ್ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ನಾವು ಮಜ್ಜಿಗೆ ಹುಳಿಗೆ ಹಾಕುತ್ತೇವೆ. ಆಗ್ರಾದ ಪೇಠಾಕ್ಕೆ ಹೋಳುಗಳನ್ನು ಮೊದಲು ಸುಣ್ಣದ ನೀರಿನಲ್ಲಿ ನೆನೆಸುತ್ತಾರೆ. ಸುಣ್ಣದ ಕ್ಯಾಲ್ಸಿಯಂ ಕಾಯಿಯ ಪೆಕ್ಟಿನ್ ಜೊತೆ ಬೆಸೆದುಕೊಳ್ಳುವುದರಿಂದ ಪಾಕದಲ್ಲಿ ಕುದ್ದರೂ ಹೋಳು ಕರಗಲ್ಲ.

ಹಲ್ವಕ್ಕೆ ಸುಣ್ಣ ಬೇಡ. ಕಾಯಿ ತುರಿದು, ಬಿಟ್ಟ ನೀರನ್ನು ಚೆಲ್ಲದೆ ಅದರಲ್ಲೇ ಬೇಯಿಸಿ. ಮೆತ್ತಗಾದ ಮೇಲೆ ಸಕ್ಕರೆ, ತುಪ್ಪ, ಕೇಸರಿ. ಸಕ್ಕರೆ ಮೊದಲೇ ಬಿದ್ದರೆ ತುರಿ ಸರಿಯಾಗಿ ಬೇಯೋದಿಲ್ಲ. ನಮ್ಮ ಮೊದಲ ಬಾಣಲೆ ಹಾಗೇ ರಬ್ಬರ್ ಆಯ್ತು. ಎರಡನೆಯದನ್ನು ವಿಡಿಯೋ ಕಾಲ್‌ನಲ್ಲಿ ಅಮ್ಮಂದಿರಿಗೆ ತೋರಿಸಿದೆವು. "ಬಣ್ಣ ಸರಿಯಾಗಿ ಬಂದಿದೆ ಕಣ್ರೋ" ಅಂದರು. ಹಬ್ಬ ಆಯ್ತು.

ಈ ಸಲ ನೀವೂ ಚೈನೀಸ್ ಅಂಗಡಿಗೊಮ್ಮೆ ಹೋಗಿ ನೋಡಿ.