ದನಗಳ ಇಂದ್ರಿಯಶಕ್ತಿಯೂ ಕೊಟ್ಟಿಗೆಯ ಸೌಖ್ಯವೂ

ಸಂಜೆ ಮೇದು ಹಿಂದಿರುಗಿದ ಹಸುವು ಕೊಟ್ಟಿಗೆಯ ಬಾಗಿಲಲ್ಲಿ ಥಟ್ಟನೆ ನಿಂತುಬಿಡುವುದನ್ನು ರೈತರೆಲ್ಲರೂ ಬಲ್ಲರು. ಇದನ್ನು ಮೊಂಡುತನವೆಂದೆಣಿಸಿ ಕೋಲೆತ್ತುವವರೇ ಹೆಚ್ಚು. ಆದರೆ ನಮ್ಮ ಇಂದ್ರಿಯಗಳಿಗೆ ನಿಲುಕದ ಕಾರಣವೊಂದು ಅಲ್ಲಿರಬಹುದು. ನಮಗೆ ಹಿತವಾಗಿ ತೋರಿದ ಸ್ಥಳವು ದನಕ್ಕೂ ಹಿತವಾಗಿರಬೇಕೆಂಬ ನಿಯಮವಿಲ್ಲ.

ದೃಷ್ಟಿ.— ದನದ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ, ಬೆನ್ನ ಹಿಂದಿನ ಸ್ವಲ್ಪ ಭಾಗವುಳಿದು, ಸುತ್ತಲೂ ಸುಮಾರು 330 ಡಿಗ್ರಿಗಳಷ್ಟು ಅದಕ್ಕೆ ಕಾಣುತ್ತದೆ. ಆದರೆ ಎರಡು ಕಣ್ಣುಗಳೂ ಕೂಡಿ ನೋಡುವ ಎಡೆ ಕಿರಿದು. ಆದಕಾರಣ ನೆಲದ ಆಳವನ್ನು ತಿಳಿಯಲು ಅದು ನಿಂತು, ತಲೆ ತಗ್ಗಿಸಿ ನೋಡಬೇಕಾಗುತ್ತದೆ. ಹೊಸಲಿನ ಮೇಲೆ ಬಿದ್ದ ಕಪ್ಪು ನೆರಳು ಅದಕ್ಕೆ ಹಳ್ಳದಂತೆ ತೋರಬಹುದು.

ಶ್ರವಣ.— ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸುತ್ತದೆ. ದನದ ಕಿವಿಯು ಸುಮಾರು 35,000ದವರೆಗೆ ಗ್ರಹಿಸುವುದೆಂದು 1983ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ತಿಳಿದುಬಂದಿದೆ. ಹೀಗಿರುವುದರಿಂದ ನಮಗೆ ನಿಶ್ಶಬ್ದವೆನಿಸುವ ಕೊಟ್ಟಿಗೆಯು ದನಕ್ಕೆ ನಿಶ್ಶಬ್ದವಾಗಿರದೆ ಹೋಗಬಹುದು.

ಘ್ರಾಣ.— ಹೋರಿಯು ಗಂಜಲವನ್ನು ಮೂಸಿ ಮೇಲ್ದುಟಿಯನ್ನು ಮಡಿಸುವುದು ವ್ಯರ್ಥಚೇಷ್ಟೆಯಲ್ಲ. ಅಂಗುಳಿನ ಮೇಲ್ಗಡೆಯಲ್ಲಿರುವ ವಿಶೇಷ ಇಂದ್ರಿಯಕ್ಕೆ ಗಂಧವನ್ನು ಒಯ್ಯುವ ಕ್ರಮವದು. ಈ ಇಂದ್ರಿಯವನ್ನು ಡೆನ್ಮಾರ್ಕಿನ ಯಾಕೊಬ್ಸನ್ ಎಂಬ ವೈದ್ಯನು 1813ರಲ್ಲಿ ವರ್ಣಿಸಿದನು. ಬೆದರಿದ ದನದ ಗಂಜಲದ ವಾಸನೆ ಬಂದರೆ ಇತರ ದನಗಳು ಅತ್ತ ಹೋಗಲು ಹಿಂಜರಿಯುತ್ತವೆ. ಬಾಗಿಲಲ್ಲಿ ಒಂದು ಹಸುವನ್ನು ಹೊಡೆದವನು ಹಿಂದೆ ಬರುವ ಹಸುಗಳಿಗೂ ಅಲ್ಲಿ ಭಯವನ್ನೇ ಬಿತ್ತಿದಂತಾಯಿತು.

ಭಯದ ನಷ್ಟವು ಕೆಚ್ಚಲಲ್ಲಿಯೂ ಕಾಣುತ್ತದೆ. ಬೆದರಿದ ಹಸುವಿನ ರಕ್ತದಲ್ಲಿ ಅಡ್ರಿನಲಿನ್ ಹೆಚ್ಚಿ, ಹಾಲನ್ನು ಇಳಿಸುವ ಆಕ್ಸಿಟೋಸಿನ್ ರಸದ ಕಾರ್ಯಕ್ಕೆ ತಡೆಯುಂಟಾಗುತ್ತದೆ. ಹಿಂಡುವವನು ಎಷ್ಟೇ ನಿಪುಣನಾದರೂ ಹಾಲು ಪೂರ್ತಿಯಾಗಿ ಇಳಿಯದು.

ಇದಕ್ಕೆ ಪರಿಹಾರವು ಖರ್ಚಿನದಲ್ಲ. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಎಂಬ ವಿದುಷಿಯು 1970ರ ದಶಕದಲ್ಲಿ ದನಗಳನ್ನು ನಡೆಸುವ ಓಣಿಗಳೊಳಗೆ ತಾವೇ ಇಳಿದು, ದನದ ಕಣ್ಣಿನ ಮಟ್ಟದಿಂದ ನೋಡಿ, ನೆರಳು, ತೂಗಾಡುವ ಸರಪಣಿ, ನೀರಿನ ಹೊಳಪು ಮೊದಲಾದ ಅಲ್ಪ ಕಾರಣಗಳೇ ಅವುಗಳನ್ನು ತಡೆಯುವುದನ್ನು ಕಂಡುಕೊಂಡರು. ನಮ್ಮ ರೈತರೂ ಹೀಗೆ ಮಾಡಬಹುದು:

1. ದನಗಳು ಬರುವ ಹೊತ್ತಿನಲ್ಲಿಯೇ ಅವುಗಳ ಕಣ್ಣಿನ ಎತ್ತರಕ್ಕೆ ಬಾಗಿ ಬಾಗಿಲೊಳಗೆ ನಡೆದು ನೋಡತಕ್ಕದ್ದು.
2. ತೂಗುಹಾಕಿದ ಬಟ್ಟೆ, ಗೋಣಿ, ಸರಪಣಿಗಳನ್ನು ತೆಗೆದು, ಕಿರುಗುಟ್ಟುವ ಕೀಲಿಗೆ ಎಣ್ಣೆ ಹಾಕತಕ್ಕದ್ದು.
3. ಒಳಗೆ ಕತ್ತಲಿದ್ದರೆ, ಕಣ್ಣಿಗೆ ಹೊಡೆಯದಂತೆ ದೀಪವಿಡತಕ್ಕದ್ದು.
4. ಗಂಜಲವು ನಿಲ್ಲದೆ ಹರಿದುಹೋಗುವಂತೆ ನೆಲಕ್ಕೆ ಇಳಿಜಾರು ಕೊಟ್ಟು, ಮಲಗುವೆಡೆಯಲ್ಲಿ ಒಣಹುಲ್ಲು ಹಾಸತಕ್ಕದ್ದು.

ಇಷ್ಟಾದ ಮೇಲೆ ಹಸುವು ತಾನಾಗಿ ಒಳಬಂದು, ಮಲಗಿ, ಮೆಲುಕು ಹಾಕಿದರೆ ಕೊಟ್ಟಿಗೆಯು ಹಿತವಾಗಿದೆಯೆಂದು ತಿಳಿಯಬಹುದು. ಮಾತು ಬಾರದ ಪ್ರಾಣಿಯು ಬಾಗಿಲಲ್ಲಿ ನಿಂತಾಗ ಏನನ್ನೋ ಹೇಳುತ್ತಿರುತ್ತದೆ. ಕೋಲೆತ್ತುವ ಮೊದಲು ಅದು ನೋಡುತ್ತಿರುವ ಕಡೆಗೆ ಒಮ್ಮೆ ನೋಡುವುದು ಒಡೆಯನ ಧರ್ಮವೂ ಹೌದು, ಲಾಭವೂ ಹೌದು.