ಮುಟ್ಟದೇ ಒಡೆಯೋದು ಹೇಗೆ?

ಸವಳಂಗ ರಸ್ತೆ ಅಂಚಲ್ಲಿ ನಿಂತಾಗ ಬಸ್ಸು ಭರ್ರನೆ ಪಕ್ಕದಲ್ಲೇ ಹೋದರೆ, ಮುಟ್ಟದಿದ್ದರೂ ನಾವು ಅಲುಗಾಡ್ತೀವಿ. ಎಲ್‌ಎಚ್‌ಸಿಯ ಸೀಸದ ನ್ಯೂಕ್ಲಿಯಸ್‌ಗಳ ಕಥೆಯೂ ಹೀಗೇ. ಅಲ್ಲಿ ತಳ್ಳೋದು ಗಾಳಿಯಲ್ಲ, 82 ಪ್ರೋಟಾನ್‌ಗಳ ವಿದ್ಯುತ್ ಕ್ಷೇತ್ರ. ಬೆಳಕಿನ ವೇಗದ ಹತ್ತಿರ ಅದು ಚಪ್ಪಟೆಯಾಗಿ, ಎದುರಿನ ನ್ಯೂಕ್ಲಿಯಸ್‌ಗೆ ಫೋಟಾನ್‌ಗಳ ಮಳೆಯಂತೆ ಬಡಿಯುತ್ತೆ. (1924ರಲ್ಲೇ ಫರ್ಮಿಗೆ ಹೊಳೆದಿದ್ದ ಉಪಾಯ ಇದು!) ಸುಮಾರು 13.5 ಎಂಇವಿ ಸಿಕ್ಕರೆ ಪ್ರೋಟಾನ್‌ಗಳೆಲ್ಲ ಒಂದು ಕಡೆ, ನ್ಯೂಟ್ರಾನ್‌ಗಳೆಲ್ಲ ಇನ್ನೊಂದು ಕಡೆ ತೂಗಾಡಿ, ಸಾಮಾನ್ಯವಾಗಿ ಒಂದೆರಡು ನ್ಯೂಟ್ರಾನ್ ಉದುರುತ್ತವೆ. ನೇರ ಡಿಕ್ಕಿಗಿಂತ ಈ ಥರದ ಒಡೆತವೇ ಅಲ್ಲಿ ಎಷ್ಟೋ ಪಟ್ಟು ಜಾಸ್ತಿ. ಇನ್ನೂ ಹೆಚ್ಚು ಶಕ್ತಿಯ ಫೋಟಾನ್ ತಗುಲಿ, ಅಪರೂಪಕ್ಕೆ ಮೂರು ಪ್ರೋಟಾನೂ ಹೋದರೆ 82 ಹೋಗಿ 79. ಅಂದ್ರೆ ಚಿನ್ನ! ಕೆಜಿಎಫ್ ಕನಸು ಬೇಡ: 2015–18ರಲ್ಲಿ ಹುಟ್ಟಿದ್ದು ಒಟ್ಟು ಸುಮಾರು 29 ಪಿಕೋಗ್ರಾಂ, ಅದೂ ಮರುಕ್ಷಣವೇ ಪೈಪಿನ ಗೋಡೆಗೆ ಬಡಿದು ಚೂರುಚೂರು.