ಪಿಸುಮಾತು ಕೇಳಿದರೇನೇ ನಿದ್ದೆ ಬರುತ್ತೆ, ಡಾಕ್ಟ್ರೇ!

ಪ್ರಶ್ನೆ: ನನಗೆ 34 ವರ್ಷ. ತುಮಕೂರು ರಸ್ತೆಗೆ ಹತ್ತಿರದಲ್ಲೇ ಮನೆ. ಪೀಣ್ಯದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಮಲಗಿದರೆ ಲಾರಿಗಳ ಸದ್ದಿಗೆ ನಿದ್ದೆ ಹತ್ತುವುದಿಲ್ಲ. ಆಗ ಮೊಬೈಲ್‌ನಲ್ಲಿ ಎಎಸ್‌ಎಂಆರ್ ವಿಡಿಯೊ ಹಾಕಿಕೊಳ್ಳುತ್ತೇನೆ. ಯಾರೋ ಪಿಸುಗುಟ್ಟುತ್ತಾರೆ, ಮರದ ಡಬ್ಬಿಯನ್ನು ಉಗುರಿನಿಂದ ತಟ್ಟುತ್ತಾರೆ. ನೆತ್ತಿಯಿಂದ ಕುತ್ತಿಗೆಯವರೆಗೆ ಜುಮ್ಮೆನ್ನುತ್ತದೆ, ಹಾಗೇ ಕಣ್ಣು ಮುಚ್ಚುತ್ತದೆ. ಹೆಂಡತಿಗೆ ಕೇಳಿಸಿದರೆ ಏನೂ ಆಗುವುದಿಲ್ಲ, ನಗುತ್ತಾಳೆ. ಇದು ನರದ ತೊಂದರೆಯೇ? ಚಟವಾಗುತ್ತದೆಯೇ?
– ಹೆಸರು ಬೇಡ, ಮಾಕಳಿ

ಉತ್ತರ: ಇದು ಕಾಯಿಲೆಯಲ್ಲ, ಗಾಬರಿ ಬೇಡ. ಕಟಿಂಗ್ ಶಾಪ್‌ನಲ್ಲಿ ಕಿವಿಯ ಪಕ್ಕ ಕತ್ತರಿ ಆಡುವಾಗ, ಅಮ್ಮ ನೆತ್ತಿಗೆ ಹರಳೆಣ್ಣೆ ತಟ್ಟುವಾಗ, ಬಳೆಗಾರರು ಕೈ ಒತ್ತಿ ಒತ್ತಿ ಬಳೆ ತೊಡಿಸುವಾಗ ಕೆಲವರಿಗೆ ಮೈ ಜುಮ್ಮೆಂದು ತೂಕಡಿಕೆ ಬರುತ್ತದಲ್ಲ, ಅದೇ ಇದು. ‘ಅಟಾನಮಸ್ ಸೆನ್ಸರಿ ಮೆರಿಡಿಯನ್ ರೆಸ್ಪಾನ್ಸ್’ ಎಂಬ ಭಾರೀ ಹೆಸರನ್ನು 2010ರಲ್ಲಿ ಇಟ್ಟವರು ಅಮೆರಿಕದ ಜೆನಿಫರ್ ಅಲೆನ್.

ಸಂಶೋಧನೆ ನಡೆದದ್ದು ಆಮೇಲೆ. ಬ್ರಿಟನ್ನಿನ ಸ್ವಾನ್‌ಸಿ ವಿಶ್ವವಿದ್ಯಾಲಯದವರು 2015ರಲ್ಲಿ ಈ ಅನುಭವವಿರುವ 475 ಮಂದಿಯನ್ನು ವಿಚಾರಿಸಿದರು. ನಿದ್ದೆಗಾಗಿ ಕೇಳುತ್ತೇವೆ ಎಂದವರು ಶೇ 82, ಒತ್ತಡ ಇಳಿಸಿಕೊಳ್ಳಲು ಎಂದವರು ಶೇ 70. ಶೆಫೀಲ್ಡ್ ವಿಶ್ವವಿದ್ಯಾಲಯದವರು 2018ರಲ್ಲಿ ಅಳೆದು ನೋಡಿದಾಗ, ಜುಮ್ಮೆನ್ನುವವರ ಹೃದಯ ಬಡಿತ ನಿಮಿಷಕ್ಕೆ ಸರಾಸರಿ 3ರಷ್ಟು ಇಳಿದಿತ್ತು. ಈ ಅನುಭವ ಎಲ್ಲರಿಗೂ ಆಗುವುದಿಲ್ಲ. ಆದ್ದರಿಂದ ನಿಮ್ಮ ಮನೆಯವರು ನಕ್ಕರೆ ಅವರದೂ ತಪ್ಪಲ್ಲ.

ಆದರೆ ಹಿತ ಬೇರೆ, ಚಿಕಿತ್ಸೆ ಬೇರೆ. ಈ ವಿಡಿಯೊಗಳು ನಿದ್ರಾಹೀನತೆಯನ್ನಾಗಲಿ ಖಿನ್ನತೆಯನ್ನಾಗಲಿ ಗುಣಪಡಿಸುತ್ತವೆ ಎನ್ನಲು ಗಟ್ಟಿ ಆಧಾರವಿಲ್ಲ. ಚಟದ ಮಾತಿಗೆ ಬಂದರೆ, ನನಗೆ ಆತಂಕ ಸದ್ದಿನದ್ದಲ್ಲ, ಮೊಬೈಲಿನದ್ದು. ಒಂದು ವಿಡಿಯೊ ಮುಗಿದು ಇನ್ನೊಂದನ್ನು ಹುಡುಕುತ್ತ ಎರಡು ಗಂಟೆಯಾದರೆ ಲಾಭವೇನು? ಮೊದಲೇ ಒಂದನ್ನು ಆರಿಸಿ, ಅರ್ಧ ಗಂಟೆಯ ಟೈಮರ್ ಇಟ್ಟು, ಪರದೆಯನ್ನು ಬೋರಲು ಹಾಕಿ. ವಾರದಲ್ಲಿ ಒಂದೆರಡು ರಾತ್ರಿ ಅದಿಲ್ಲದೆ ಮಲಗಿ ನೋಡಿ. ಶಿಫ್ಟ್‌ನ ಕೊನೆಯ ಕಾಫಿ, ಟೀ ಬಿಡಿ. ರಸ್ತೆ ಕಡೆಯ ಕಿಟಕಿಗೆ ದಪ್ಪ ಪರದೆ ಹಾಕಿ, ಸಾಧ್ಯವಾದರೆ ಹಿಂದಿನ ಕೋಣೆಗೆ ಹಾಸಿಗೆ ಬದಲಿಸಿ. ಬೈಕ್ ಓಡಿಸುವಾಗ ಮಾತ್ರ ಇದನ್ನು ಕೇಳಲೇಬೇಡಿ.

ಯಾವ ಸದ್ದೂ ಇಲ್ಲದೆ ಜುಮ್ಮೆನ್ನುವುದು, ಕೈಕಾಲು ಮರಗಟ್ಟುವುದು, ಹಿಡಿತ ತಪ್ಪುವುದು ಇದ್ದರೆ ಅದು ಬೇರೆ ವಿಷಯ. ಸಕ್ಕರೆ, ವಿಟಮಿನ್ ಬಿ12, ಕುತ್ತಿಗೆಯ ಮೂಳೆಗಳ ಪರೀಕ್ಷೆ ಆಗಬೇಕು.

ಪ್ರಶ್ನೆ: ಪಿಯುಸಿ ಓದುವ ಮಗಳು ಓದಿನ ಟೆನ್ಷನ್ ಎಂದು ರಾತ್ರಿಯಿಡೀ ಇಯರ್‌ಫೋನ್‌ನಲ್ಲಿ ಇದೇ ಸದ್ದು ಹಾಕಿಕೊಂಡು ಮಲಗುತ್ತಾಳೆ. ಕಿವಿ ಹಾಳಾಗುವುದಿಲ್ಲವೇ?
– ಒಬ್ಬ ತಾಯಿ, ಮಾದನಾಯಕನಹಳ್ಳಿ

ಉತ್ತರ: ಸಣ್ಣ ಸದ್ದಿನಿಂದ ಕಿವಿ ಕೆಡುವುದಿಲ್ಲ. ಆದರೆ ಹೊರಗಿನ ಗಲಾಟೆ ಮುಚ್ಚಲೆಂದು ವಾಲ್ಯೂಮ್ ಏರಿಸುತ್ತ ಹೋದರೆ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆ ಮೀರಬಾರದು. ರಾತ್ರಿಗೆ ಏಳು ಗಂಟೆಯಂತೆ ಏಳು ದಿನಕ್ಕೆ 49 ಆಯಿತು, ನೀವೇ ಲೆಕ್ಕ ಹಾಕಿ. ರಾತ್ರಿಯೆಲ್ಲ ಕಿವಿಯೊಳಗಿದ್ದರೆ ಗುಗ್ಗೆ ಒಳಸರಿಯುತ್ತದೆ, ತುರಿಕೆ ಬರುತ್ತದೆ. ದಿಂಬಿನಿಂದ ದೂರ ಪುಟ್ಟ ಸ್ಪೀಕರ್ ಇಟ್ಟು ಟೈಮರ್ ಹಾಕಲಿ. ಬೈದು ಮೊಬೈಲ್ ಕಿತ್ತುಕೊಳ್ಳುವ ಬದಲು ಯಾವುದಕ್ಕೆ ಟೆನ್ಷನ್ ಎಂದು ಕೂತು ಕೇಳಿ. ಊಟ, ಓದು, ಸ್ನೇಹಿತರು ಯಾವುದೂ ಬೇಡವಾಗಿ ಮೊಬೈಲೇ ಸರ್ವಸ್ವವಾದರೆ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್ ಕ್ಲಿನಿಕ್’ ಇದೆ.

ಪ್ರಶ್ನೆ: ಎಲ್ಲರೂ ಹಿತ ಎನ್ನುವ ಈ ಸದ್ದುಗಳು, ಅದರಲ್ಲೂ ಯಾರಾದರೂ ಚಪ್ಪರಿಸುವ ಸದ್ದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ?
– ಓದುಗ, ಯಲಹಂಕ

ಉತ್ತರ: ಕೆಲವು ಸದ್ದುಗಳಿಗೆ ತಡೆಯಲಾರದ ಸಿಟ್ಟು ಬರುವುದಕ್ಕೆ ಮಿಸೊಫೋನಿಯಾ ಎನ್ನುತ್ತಾರೆ. ವಿಚಿತ್ರವೆಂದರೆ, ಪಿಸುಮಾತಿಗೆ ಜುಮ್ಮೆನ್ನುವವರಲ್ಲೂ ಇದು ಹೆಚ್ಚಾಗಿಯೇ ಕಾಣುತ್ತದೆ. ಇಷ್ಟವಿಲ್ಲದ್ದನ್ನು ಒತ್ತಾಯಕ್ಕೆ ಕೇಳಬೇಡಿ. ಮನಸ್ಸು ತಿಳಿಯಾಗಲು ನಿಧಾನ ಉಸಿರಾಟ, ಬಿಸಿನೀರಿನ ಸ್ನಾನ, ಸಂಜೆಯ ನಡಿಗೆ ಸಾಕು. ಮನೆಯವರ ಜೊತೆ ಊಟಕ್ಕೆ ಕೂರುವುದೇ ಕಷ್ಟವಾಗಿದ್ದರೆ ಮನೋವೈದ್ಯರನ್ನು ಕಾಣಿ.

ಮೂವರಿಗೂ ಅನ್ವಯಿಸುವ ಮಾತು: ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ವಿಡಿಯೊ ನಂಬಿ ಕೂರಬೇಡಿ. ಅದಕ್ಕೆ ಸಿಬಿಟಿ-ಐ ಎಂಬ, ಮಾತ್ರೆಯಿಲ್ಲದ ಒಳ್ಳೆಯ ಚಿಕಿತ್ಸೆ ಇದೆ. ಎಲ್ಲಿಂದ ಶುರು ಮಾಡಬೇಕೆಂದು ತೋಚದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.